ವರ್ಡ್‌ಪ್ರೆಸ್ 5.8, ಪಿಎಚ್‌ಪಿ 7.4ರಿಂದ ಮೇಲಕ್ಕೆ: ಹಳೆಯ ಸೆಟ್ಟಿಂಗ್ ಕಳೆಯದ ಹಾಗೆ ಅಪ್‌ಗ್ರೇಡ್ ಹೇಗೆ?

ಖಣದಂಗಡಿ_ಗುಳೇದಗುಡ್ಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗುಳೇದಗುಡ್ಡ ಖಣ, ಇಳಕಲ್ ಸೀರೆ ಮಾರುವ ನಮ್ಮ ಅಂಗಡಿಯ ಸೈಟ್ ವರ್ಡ್‌ಪ್ರೆಸ್ 5.8 (ಸೈಟ್ ನಡೆಸುವ ಸಾಫ್ಟ್‌ವೇರ್), ವೂಕಾಮರ್ಸ್ 5.6ರ (ಅದಕ್ಕೆ ಜೋಡಿಸುವ ಅಂಗಡಿ ಪ್ಲಗಿನ್) ಮೇಲೆ ನಡೆಯುತ್ತಿದೆ. ಇವೆರಡನ್ನೂ ಓಡಿಸುವ ಪಿಎಚ್‌ಪಿ 7.4. ಸಿಪ್ಯಾನೆಲ್ (ಸರ್ವರ್ ನೋಡಿಕೊಳ್ಳುವ ಪುಟ) ಇರುವ ಶೇರ್ಡ್ ಹೋಸ್ಟಿಂಗ್, ಟರ್ಮಿನಲ್ ಸಿಗುತ್ತದೆ, ಡೇಟಾಬೇಸ್ ಮಾರಿಯಾಡಿಬಿ. ಇನ್ನು ಮುಂದೆ 7.4 ಕೊಡುವುದಿಲ್ಲ, 8.1 ಅಥವಾ ಅದಕ್ಕಿಂತ ಮೇಲಿನದಕ್ಕೆ ಹೋಗಿ ಎಂದು ಹೋಸ್ಟಿಂಗ್‌ನವರು ಮೇಲ್ ಕಳಿಸಿದ್ದಾರೆ. ಹೇಗೂ ಮಾಡುವುದೇ ಆದರೆ ವರ್ಡ್‌ಪ್ರೆಸ್, ವೂಕಾಮರ್ಸ್, ಥೀಮ್ ಎಲ್ಲವನ್ನೂ ಹೊಸದು ಮಾಡಬೇಕೆಂದಿದ್ದೇನೆ.

ತೊಡಕು ಏನೆಂದರೆ, ಮೊದಲು ಸೈಟ್ ಕಟ್ಟಿದವರು ಎಲ್ಲಿ ಏನು ಬದಲಿಸಿದ್ದಾರೆ ಎಂದು ಬರೆದಿಟ್ಟಿಲ್ಲ. ಕಣ್ಣಿಗೆ ಕಾಣುವುದು ಇಷ್ಟು:

586, 587, 590, 591ರಿಂದ ಶುರುವಾಗುವ ಪಿನ್‌ಕೋಡ್‌ಗಳಿಗೆ ಮಾತ್ರ ಕ್ಯಾಶ್ ಆನ್ ಡೆಲಿವರಿ ತೋರಿಸುತ್ತದೆ. ಖರೀದಿ ಬಟನ್ ಮೇಲೆ ‘ಚೀಲಕ್ಕ ಹಾಕ್ರಿ’ ಅಂತ ಇದೆ. ಸೀರೆಯ ಪುಟದಲ್ಲಿ ಎಷ್ಟು ಗಜ, ಅಂಚು ಯಾವುದು, ಸೆರಗು ಯಾವುದು ಎನ್ನುವ ಸಣ್ಣ ಕೋಷ್ಟಕ ಬರುತ್ತದೆ. ಹಳೆಯ ಎಚ್‌ಟಿಎಂಎಲ್ ಸೈಟಿನ ವಿಳಾಸ ಒತ್ತಿದವರು ಹೊಸ ಪುಟಕ್ಕೇ ಬರುತ್ತಾರೆ. ಲೋಗೋ, ಬಣ್ಣ, ಫಾಂಟ್ ಎಲ್ಲ ಕಸ್ಟಮೈಸರ್‌ನಲ್ಲಿ (ವರ್ಡ್‌ಪ್ರೆಸ್ಸಿನ ಅಲಂಕಾರದ ಪುಟ) ಹಾಕಿದ್ದು. ಥೀಮ್ ದುಡ್ಡು ಕೊಟ್ಟು ಕೊಂಡದ್ದು, ಚೈಲ್ಡ್ ಥೀಮ್ (ಮೂಲ ಥೀಮ್ ಮುಟ್ಟದೆ ನಮ್ಮ ಬದಲಾವಣೆ ಇಡುವ ಉಪಥೀಮ್) ಇಲ್ಲ.

ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ? ಯಾವುದನ್ನು ಮೊದಲು ಮಾಡಬೇಕು, ಪಿಎಚ್‌ಪಿಯೋ ವರ್ಡ್‌ಪ್ರೆಸ್ಸೋ?

---

ಟಿಳಕವಾಡಿ_ಟರ್ಮಿನಲ್ (ಬೆಳಗಾವಿ)

ಮೇಡಂ, ಅಪ್‌ಡೇಟ್ ಬಟನ್ ಒತ್ತುವ ಮೊದಲು ಒಂದೊಂದು ಸೆಟ್ಟಿಂಗ್ ಎಲ್ಲಿ ಕೂತಿದೆ ಎಂದು ಪತ್ತೆ ಮಾಡಿಕೊಳ್ಳಿ. ಉಳಿಯುವುದೂ ಹೋಗುವುದೂ ಅದರ ಮೇಲೆಯೇ ನಿಂತಿದೆ.

ಡೇಟಾಬೇಸಿನಲ್ಲಿರುವುದು, ಅಂದರೆ ಶಿಪ್ಪಿಂಗ್ ಝೋನ್, ತೆರಿಗೆ, ಪರ್ಮಾಲಿಂಕ್ (ಪುಟಗಳ ವಿಳಾಸದ ರೂಪ), ಪೇಮೆಂಟ್ ಕೀ, ಕಸ್ಟಮೈಸರ್ ಬಣ್ಣ, ಇವಕ್ಕೆ ಅಪ್‌ಗ್ರೇಡ್ ಕೈ ಹಚ್ಚುವುದಿಲ್ಲ. ಡೇಟಾಬೇಸ್ ಪಾಸ್‌ವರ್ಡ್ ಇರುವ ಡಬ್ಲ್ಯೂಪಿ-ಕಾನ್ಫಿಗ್ ಫೈಲೂ ಸುರಕ್ಷಿತ. ವರ್ಡ್‌ಪ್ರೆಸ್ ಜಿಪ್‌ನಲ್ಲಿ ಅದರ ಮಾದರಿ ಫೈಲ್ ಮಾತ್ರ ಇರುತ್ತದೆ, ಅಸಲು ಫೈಲ್ ಇರುವುದೇ ಇಲ್ಲ. ಹಾಗಾಗಿ ಮೇಲೆ ಬರೆಯುವ ಪ್ರಶ್ನೆಯೇ ಬರುವುದಿಲ್ಲ. ಹೋಗುವುದು ಯಾವುದೆಂದರೆ ಬೇರೆಯವರು ಕೊಟ್ಟ ಫೈಲಿನೊಳಗೆ ಕೈಯಾಡಿಸಿದ್ದು: ಡಬ್ಲ್ಯೂಪಿ-ಅಡ್ಮಿನ್, ಡಬ್ಲ್ಯೂಪಿ-ಇನ್‌ಕ್ಲೂಡ್ಸ್, ಪ್ಲಗಿನ್ ಫೋಲ್ಡರ್, ಮೂಲ ಥೀಮ್ ಫೋಲ್ಡರ್. ಅಲ್ಲಿ ಬರೆದದ್ದು ಹೊಸ ಆವೃತ್ತಿ ಬಂದ ಕ್ಷಣ ಇಲ್ಲವಾಗುತ್ತದೆ. ನಿಮ್ಮ ಪಿನ್‌ಕೋಡ್ ನಿಯಮ, ಕೋಷ್ಟಕ ಎರಡೂ ಹೆಚ್ಚುಕಡಿಮೆ ಅಲ್ಲೇ ಇರುತ್ತವೆ. ಚೈಲ್ಡ್ ಥೀಮ್ ಇಲ್ಲ ಎಂದ ಮೇಲೆ ಬೇರೆ ಜಾಗ ಕಡಿಮೆ.

ಊಹೆ ಬೇಡ, ಪತ್ತೆ ಹಚ್ಚಬಹುದು. (ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ‘ಡಬ್ಲ್ಯೂಪಿ’ ಎಂದು ಶುರುವಾಗುವವು ಡಬ್ಲ್ಯೂಪಿ-ಸಿಎಲ್‌ಐ ಎಂಬ ಉಪಕರಣದವು.) ಸೈಟಿನ ಫೋಲ್ಡರ್‌ನಲ್ಲಿ ನಿಂತು ‘ಡಬ್ಲ್ಯೂಪಿ ಕೋರ್ ವೆರಿಫೈ-ಚೆಕ್‌ಸಮ್ಸ್’ ಕೊಡಿ. ಮೂಲ ವರ್ಡ್‌ಪ್ರೆಸ್ ಫೈಲುಗಳಲ್ಲಿ ಯಾರಾದರೂ ಒಂದಕ್ಷರ ಬದಲಿಸಿದ್ದರೂ ಆ ಫೈಲಿನ ಹೆಸರು ಹೇಳುತ್ತದೆ. ಇರಬಾರದ ಫೈಲ್ ಇದ್ದರೆ ಅದನ್ನೂ ತೋರಿಸುತ್ತದೆ. ‘ಡಬ್ಲ್ಯೂಪಿ ಪ್ಲಗಿನ್ ವೆರಿಫೈ-ಚೆಕ್‌ಸಮ್ಸ್ --ಆಲ್’ ಪ್ಲಗಿನ್‌ಗಳಿಗೆ ಇದೇ ಕೆಲಸ ಮಾಡುತ್ತದೆ, ಆದರೆ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಇರುವವಕ್ಕೆ ಮಾತ್ರ.

ಕೊಂಡ ಥೀಮಿಗೆ ಈ ಸೌಲಭ್ಯ ಇಲ್ಲ. ಅದಕ್ಕೆ ಮಾರಿದವರ ಖಾತೆಯಿಂದ ನೀವು ಈಗ ಬಳಸುತ್ತಿರುವ ಅದೇ ಆವೃತ್ತಿಯನ್ನು ಇಳಿಸಿಕೊಳ್ಳಿ. ಹೊಸದನ್ನಲ್ಲ. ಆವೃತ್ತಿ ಸಂಖ್ಯೆ ಥೀಮಿನ ಸ್ಟೈಲ್.ಸಿಎಸ್‌ಎಸ್ ತಲೆಯಲ್ಲೇ ಇರುತ್ತದೆ. ಬಿಚ್ಚಿ ಪಕ್ಕದಲ್ಲಿಟ್ಟು ‘ಡಿಫ್ -ಆರ್‌ಯು’ ಕೊಟ್ಟರೆ ವ್ಯತ್ಯಾಸವಾಗಿ ಬರುವ ಸಾಲುಗಳೇ ಹಿಂದಿನವರು ಸೇರಿಸಿದ್ದು. ವಿಂಡೋಸ್‌ನಲ್ಲಾದರೆ ವಿನ್‌ಮರ್ಜ್ ಸಾಕು. ಹೊಸ ಆವೃತ್ತಿಯ ಜೊತೆ ಹೋಲಿಸಿದರೆ ಸಾವಿರಾರು ಸಾಲು ಬಂದು ನಿಮ್ಮ ಹತ್ತು ಸಾಲು ಅದರಲ್ಲಿ ಮುಳುಗಿಹೋಗುತ್ತವೆ.

ಸಿಕ್ಕ ಸಾಲುಗಳನ್ನು ಎಲ್ಲಿ ಹಾಕಬೇಕು ಎನ್ನುವುದು ಮುಂದಿನ ಪ್ರಶ್ನೆ. ಕ್ಯಾಶ್ ಆನ್ ಡೆಲಿವರಿ ನಿಯಮ ಅಂಗಡಿಯದು, ಅಲಂಕಾರದ್ದಲ್ಲ. ಅದನ್ನು ಚೈಲ್ಡ್ ಥೀಮಿಗೂ ಹಾಕಬೇಡಿ. ಡಬ್ಲ್ಯೂಪಿ-ಕಂಟೆಂಟ್ ಒಳಗೆ ‘ಎಂಯು-ಪ್ಲಗಿನ್ಸ್’ ಎಂಬ ಫೋಲ್ಡರ್ ಮಾಡಿ, ಅದರಲ್ಲಿ ಒಂದು ಪಿಎಚ್‌ಪಿ ಫೈಲಾಗಿ ಇಡಿ. ಅದನ್ನು ಯಾವ ಅಪ್‌ಡೇಟೂ ಮುಟ್ಟುವುದಿಲ್ಲ, ಅಡ್ಮಿನ್‌ನಿಂದ ಯಾರೂ ಅಕಸ್ಮಾತ್ ಆಫ್ ಮಾಡಲಾರರು, ನಾಳೆ ಥೀಮೇ ಬದಲಾದರೂ ನಿಯಮ ಉಳಿಯುತ್ತದೆ. ಫೈಲ್ ನೇರವಾಗಿ ಆ ಫೋಲ್ಡರ್‌ನಲ್ಲೇ ಇರಬೇಕು. ಒಳಗೆ ಇನ್ನೊಂದು ಫೋಲ್ಡರ್ ಮಾಡಿ ಇಟ್ಟರೆ ವರ್ಡ್‌ಪ್ರೆಸ್ ಅದನ್ನು ಓದುವುದಿಲ್ಲ.

ಕೋಷ್ಟಕ ಚೈಲ್ಡ್ ಥೀಮಿಗೆ ಹೋಗಲಿ. ಅಲ್ಲಿ ಒಂದು ಎಚ್ಚರ ಬೇಕು. ಟೆಂಪ್ಲೇಟ್ ಫೈಲನ್ನು ಅದೇ ಹೆಸರು, ಅದೇ ದಾರಿಯಲ್ಲಿ ಚೈಲ್ಡ್‌ನಲ್ಲಿ ಇಟ್ಟರೆ ಮೂಲದ ಬದಲು ಅದು ನಡೆಯುತ್ತದೆ. ಫಂಕ್ಷನ್ಸ್.ಪಿಎಚ್‌ಪಿ ಹಾಗಲ್ಲ. ಚೈಲ್ಡ್‌ನದು ಮೊದಲು ಓಡಿ, ಆಮೇಲೆ ಮೂಲ ಥೀಮಿನದೂ ಓಡುತ್ತದೆ. ಮೂಲದ್ದನ್ನು ಇಡಿಯಾಗಿ ನಕಲು ಮಾಡಿ ಚೈಲ್ಡ್‌ಗೆ ಹಾಕಿದರೆ ಒಂದೇ ಫಂಕ್ಷನ್ ಎರಡು ಸಲ ಘೋಷಣೆಯಾಗಿ ಸೈಟ್ ಬಿಳಿ ಹಾಳೆ. ನಿಮ್ಮ ಸಾಲುಗಳನ್ನಷ್ಟೇ ಹಾಕಿ.

ಇನ್ನು ಕಸ್ಟಮೈಸರ್. ಚೈಲ್ಡ್ ಥೀಮ್ ಆನ್ ಮಾಡಿದ ಕೂಡಲೇ ಲೋಗೋ, ಬಣ್ಣ, ಫಾಂಟ್ ಎಲ್ಲ ಮಾಯವಾದಂತೆ ಕಾಣುತ್ತದೆ. ಕಳೆದಿರುವುದಿಲ್ಲ. ವರ್ಡ್‌ಪ್ರೆಸ್ ಇವನ್ನು ‘ಥೀಮ್_ಮಾಡ್ಸ್_’ ಎಂಬುದರ ಕೊನೆಗೆ ಥೀಮ್ ಫೋಲ್ಡರಿನ ಹೆಸರು ಸೇರಿಸಿ ಒಂದೇ ಆಪ್ಷನ್ ಆಗಿ ಇಡುತ್ತದೆ. ಚೈಲ್ಡ್‌ನ ಫೋಲ್ಡರ್ ಹೆಸರು ಬೇರೆ, ಅದರ ಖಾನೆ ಖಾಲಿ. ‘ಡಬ್ಲ್ಯೂಪಿ ಆಪ್ಷನ್ ಗೆಟ್’ನಿಂದ ಹಳೆಯದನ್ನು ಜೇಸನ್ ರೂಪದಲ್ಲಿ ತೆಗೆದು ‘ಡಬ್ಲ್ಯೂಪಿ ಆಪ್ಷನ್ ಅಪ್‌ಡೇಟ್’ಗೆ ಪೈಪ್ ಮಾಡಿ ಹೊಸ ಹೆಸರಿಗೆ ತುಂಬಿಸಿ, ಎರಡೂ ಕಡೆ --ಫಾರ್ಮ್ಯಾಟ್=ಜೇಸನ್ ಬೇಕು. ಕಸ್ಟಮೈಸರ್‌ನ ಅಡಿಷನಲ್ ಸಿಎಸ್‌ಎಸ್ ಕೂಡ ಥೀಮಿಗೆ ಕಟ್ಟಿದ್ದೇ, ಅದನ್ನು ಮೊದಲೇ ಒಂದು ನೋಟ್‌ಪ್ಯಾಡಿಗೆ ನಕಲು ಮಾಡಿಕೊಳ್ಳಿ.

ಕ್ರಮದ ವಿಷಯ: ಮೊದಲು ಪಿಎಚ್‌ಪಿ 7.4ರಲ್ಲೇ ಇದ್ದು ವರ್ಡ್‌ಪ್ರೆಸ್, ಪ್ಲಗಿನ್, ಥೀಮ್. ಅದು ನೆಟ್ಟಗೆ ನಿಂತ ಮೇಲೆ ಪಿಎಚ್‌ಪಿ. 5.8ರ ಕಾಲದ ಪ್ಲಗಿನ್‌ಗಳನ್ನು ನೇರ 8.1ರ ಮೇಲೆ ನಿಲ್ಲಿಸಿದರೆ ಅಡ್ಮಿನ್ ಪುಟ ಕೂಡ ತೆರೆಯದೇ ಇರಬಹುದು, ಆಮೇಲೆ ಅಪ್‌ಡೇಟ್ ಒತ್ತುವುದಾದರೂ ಎಲ್ಲಿಂದ? ಎರಡನ್ನೂ ಒಂದೇ ರಾತ್ರಿ ಮಾಡಿದರೆ ಯಾವುದರಿಂದ ಮುರಿಯಿತು ಎಂದು ಹುಡುಕುವುದೇ ಕೆಲಸವಾಗುತ್ತದೆ.

---

ಬಸವನಾಡು_ಅಡ್ಮಿನ್ (ವಿಜಯಪುರ)

ಅಕ್ಕಾರ, ಮ್ಯಾಲ ಹೇಳಿದ್ದೆಲ್ಲಾ ಖರೇ ಐತ್ರಿ. ನಾ ಬ್ಯಾಕಪ್ ಬಗ್ಗೆ, ಸರ್ವರ್ ಬಗ್ಗೆ ಹೇಳ್ತೀನಿ.

ಭಾಳ ಮಂದಿ ಡಬ್ಲ್ಯೂಪಿ-ಕಾನ್ಫಿಗ್ ಫೈಲಿನ ಹೆಸರಿಗೆ ಬಾಲಕ್ಕ ‘.ಬಿಎಕೆ’ ಇಲ್ಲಾ ‘.ಓಲ್ಡ್’ ಅಂತ ಹಚ್ಚಿ ಅಲ್ಲೇ ಪಬ್ಲಿಕ್ ಫೋಲ್ಡರ್‌ನ್ಯಾಗ ಬಿಡ್ತಾರ. ಹಂಗ ಮಾಡಬ್ಯಾಡ್ರಿ. ಹೆಸರು ‘.ಪಿಎಚ್‌ಪಿ’ ಅಂತ ಮುಗಿದ್ರ ಸರ್ವರ್ ಅದನ್ನ ನಡಸ್ತೈತಿ, ಒಳಗಿನ ಅಕ್ಷರ ಹೊರಗ ಬರೂದಿಲ್ಲ. ಬಾಲ ಬದಲಾದ್ರ ಸಾದಾ ಪಠ್ಯ ಅಂತ ಕೇಳಿದವ್ರಿಗೆ ಕೊಟ್ಟುಬಿಡ್ತೈತಿ, ಡೇಟಾಬೇಸ್ ಪಾಸ್‌ವರ್ಡ್ ಸಮೇತ. ಇಂಥಾ ಹೆಸರನ್ನೇ ಹುಡುಕ್ಕೋಂತ ತಿರಗೂ ಬಾಟ್‌ಗಳು ದಿನಾ ಬರ್ತಾವ, ಲಾಗ್ ತಗದು ನೋಡ್ರಿ. ಬ್ಯಾಕಪ್ ಏನಿದ್ರೂ ಪಬ್ಲಿಕ್_ಎಚ್‌ಟಿಎಂಎಲ್ ಹೊರಗ, ಒಂದು ಮೆಟ್ಟಿಲ ಮ್ಯಾಲ ಇರಬೇಕು. ಒಂದು ಪ್ರತಿ ನಿಮ್ಮ ಕಂಪ್ಯೂಟರ್‌ನ್ಯಾಗ.

ಸೆಟ್ಟಿಂಗ್ ಪೂರಾ ಉಳದಾವೋ ಇಲ್ಲೋ ಅಂತ ಕಣ್ಣಾಡಿಸಿ ನೋಡಿದ್ರ ಗೊತ್ತಾಗೂದಿಲ್ಲ. ಅಪ್‌ಗ್ರೇಡ್‌ಗೆ ಮೊದಲ ‘ಡಬ್ಲ್ಯೂಪಿ ಆಪ್ಷನ್ ಲಿಸ್ಟ್ --ನೋ-ಟ್ರಾನ್ಸಿಯೆಂಟ್ಸ್ --ಆರ್ಡರ್‌ಬೈ=ಆಪ್ಷನ್_ನೇಮ್’ ಕೊಟ್ಟು ಒಂದು ಫೈಲಿಗೆ ಇಳಿಸ್ರಿ. ಮುಗದ ಮ್ಯಾಲ ಮತ್ತೊಮ್ಮೆ ಇಳಿಸ್ರಿ. ಎರಡಕ್ಕೂ ಡಿಫ್. ‘ಕ್ರಾನ್’, ‘ರಿರೈಟ್_ರೂಲ್ಸ್’, ‘ಡಿಬಿ_ವರ್ಷನ್’ ಬದಲಾಗೂದು ಸಹಜ. ಅವನ್ನ ಬಿಟ್ಟು ಬ್ಯಾರೆ ಏನರ ಖಾಲಿ ಆಗಿದ್ರ, ಇಲ್ಲಾ ಹೆಸರು ಕಾಣದಂಗಾಗಿದ್ರ ಅಲ್ಲೇ ನಿಲ್ರಿ. ಈ ಫೈಲಿನ್ಯಾಗ ಮೇಲ್ ಪಾಸ್‌ವರ್ಡ್, ಪೇಮೆಂಟ್ ಸೀಕ್ರೆಟ್ ಎಲ್ಲಾ ಇರ್ತಾವ, ವಾಟ್ಸಾಪಿನ್ಯಾಗ ಕಳಿಸ್ಯಾಡಬ್ಯಾಡ್ರಿ.

ಪ್ಲಗಿನ್ ಕೆಟ್ಟೈತಿ ಅಂತ ‘ಡಿಲೀಟ್’ ಒತ್ತಿ ಹೊಸದು ಹಾಕೂ ಚಟ ಬ್ಯಾಡ. ಡಿಆಕ್ಟಿವೇಟ್ ಮಾಡಿದ್ರ ಸೆಟ್ಟಿಂಗ್ ಇರ್ತಾವ. ಡಿಲೀಟ್ ಮಾಡಿದ್ರ ಪ್ಲಗಿನ್ನಿನ ಅನ್‌ಇನ್‌ಸ್ಟಾಲ್ ಕೋಡ್ ಓಡಿ, ಎಷ್ಟೋ ಪ್ಲಗಿನ್ ತಮ್ಮ ಟೇಬಲ್, ಆಪ್ಷನ್ ಎಲ್ಲಾ ಬಳಕೊಂಡು ಹೋಗ್ತಾವ. ಜಿಪ್‌ನಿಂದ ಹೊಸದು ಹಾಕೂದಿದ್ರ ಹಳೇದು ಇದ್ದಂಗನ ಅಪ್‌ಲೋಡ್ ಮಾಡ್ರಿ. ವರ್ಡ್‌ಪ್ರೆಸ್ 5.5ರಿಂದ ಈಚೆ ‘ಈಗಿರೋದರ ಬದಲಿಗೆ ಇದನ್ನ ಹಾಕಲೇನು’ ಅಂತ ಅದ ಕೇಳ್ತೈತಿ, ಎರಡೂ ಆವೃತ್ತಿ ಬಾಜೂಬಾಜೂ ತೋರಿಸಿ.

ಈಗ ಸರ್ವರ್. 7.4ಕ್ಕ ಹಾಕಿದ ಸೆಟ್ಟಿಂಗ್ 8.1ಕ್ಕ ತಾನಾಗಿ ಬರೂದಿಲ್ರಿ. ಪ್ರತಿ ಪಿಎಚ್‌ಪಿ ಆವೃತ್ತಿಗೂ ಅದರದೇ ಐಎನ್‌ಐ (ಸೆಟ್ಟಿಂಗ್) ಫೈಲ್, ಅದರದೇ ಎಕ್ಸ್‌ಟೆನ್ಷನ್ ಪಟ್ಟಿ. ಹೊಸದಕ್ಕ ಹೋದಕೂಡ್ಲೆ ಅಪ್‌ಲೋಡ್ ಮಿತಿ 2 ಎಂಬಿ, ಪೋಸ್ಟ್ ಮಿತಿ 8 ಎಂಬಿ, ಮೆಮೊರಿ 128 ಎಂಬಿ ಅಂತ ಮೂಲ ಅಳತೀಗೆ ಬಂದು ನಿಲ್ಲಬಹುದು. ಸೀರಿ ಫೋಟೋ 2 ಎಂಬಿ ದಾಟಿದ್ರ ಹತ್ತೂದಿಲ್ಲ. ಈಗಿನ ಅಂಕಿ ಸೈಟ್ ಹೆಲ್ತ್ ಪುಟದ ಇನ್ಫೋ ಟ್ಯಾಬಿನ್ಯಾಗ ಐತಿ, ಹಾಳಿಗೆ ಬರಕೋರಿ. ಹೊಸದಕ್ಕ ‘.ಯೂಸರ್.ಐಎನ್‌ಐ’ ಫೈಲಿನ್ಯಾಗ ಅಪ್‌ಲೋಡ್ 32 ಎಂಬಿ, ಪೋಸ್ಟ್ 40 ಎಂಬಿ, ಮೆಮೊರಿ 256 ಎಂಬಿ ಅಂತ ಕೊಡ್ರಿ. ಪೋಸ್ಟ್ ಮಿತಿ ಯಾವಾಗ್ಲೂ ಅಪ್‌ಲೋಡ್‌ಗಿಂತ ಮ್ಯಾಲ ಇರಬೇಕು. ಬದಲು ಮಾಡಿದ ಮ್ಯಾಲ ಐದು ನಿಮಿಷ ತಡೀರಿ, ಪಿಎಚ್‌ಪಿ ಆ ಫೈಲನ್ನ 300 ಸೆಕೆಂಡಿಗೊಮ್ಮೆ ಓದತೈತಿ. ತಡೀಲಾರದ ಹತ್ತು ಸಲ ಬದಲಿಸಿ ತಲಿ ಕೆಡಸ್ಕೊಳ್ಳೂ ಮಂದಿ ಭಾಳ.

ಕಾಣದಂಗ ಕಡಿಯೂದು ‘ಮ್ಯಾಕ್ಸ್_ಇನ್‌ಪುಟ್_ವಾರ್ಸ್’, ಅಂದ್ರ ಒಂದ್ಸಲ ಸೇವ್ ಒತ್ತಿದಾಗ ತಗೊಳ್ಳೂ ಖಾನೆಗಳ ಮಿತಿ. ಮೂಲ ಅಳತಿ 1000. ನಿಮ್ಮ ಮೆನು ಉದ್ದ ಇದ್ರ, ಮೊದಲು 5000 ಅಂತ ಯಾರೋ ಹಾಕಿದ್ದು ಹೋಗಿ 1000 ಆಗಿದ್ರ, ಮೆನು ಸೇವ್ ಒತ್ತಿದಾಗ ಕೊನೀ ಸಾಲುಗಳು ಕತ್ತರಿಸಿ ಹೋಗ್ತಾವ. ಪರದಿ ಮ್ಯಾಲ ಎರರ್ ಬರೂದಿಲ್ಲ. ಇದ್ದ ಸೆಟ್ಟಿಂಗ್ ನೀವ ಸೇವ್ ಒತ್ತಿ ಕಳಕೊಂಡಂಗ. ಪಿಎಚ್‌ಪಿ ಬದಲಾದ ಮ್ಯಾಲ ಈ ಅಂಕಿ ನೋಡೂ ತನಕ ಯಾವ ಉದ್ದನ್ನ ಪುಟನೂ ಸೇವ್ ಮಾಡಬ್ಯಾಡ್ರಿ.

ಎಕ್ಸ್‌ಟೆನ್ಷನ್ ಪಟ್ಟಿನೂ 7.4ರ ಸ್ಕ್ರೀನ್‌ಶಾಟ್ ತಗೋರಿ. ಎಂಬಿಸ್ಟ್ರಿಂಗ್, ಇಂಟ್ಲ್, ಜಿಡಿ ಇಲ್ಲಾ ಇಮ್ಯಾಜಿಕ್, ಜಿಪ್, ಇಷ್ಟು ಇರಾಕಬೇಕು. ಜಿಡಿ, ಇಮ್ಯಾಜಿಕ್ ಎರಡೂ ಇಲ್ಲಂದ್ರ ಫೋಟೋ ಹತ್ತತೈತಿ, ಸಣ್ಣ ಅಳತಿ ಚಿತ್ರ ತಯಾರಾಗೂದಿಲ್ಲ.

---

ನವನಗರ_ಸೆಕ್ಟರ್ (ಬಾಗಲಕೋಟೆ)

ರೀಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವುದು) ಬಗ್ಗೆ ಯಾರೂ ಹೇಳಿಲ್ಲ. ಅವು ಸಾಮಾನ್ಯವಾಗಿ ‘.ಎಚ್‌ಟಿಆಕ್ಸೆಸ್’ ಫೈಲಿನಲ್ಲಿ ಇರುತ್ತವೆ. ಆ ಫೈಲಿನಲ್ಲಿ ‘ಬಿಗಿನ್ ವರ್ಡ್‌ಪ್ರೆಸ್’, ‘ಎಂಡ್ ವರ್ಡ್‌ಪ್ರೆಸ್’ ಎಂಬ ಎರಡು ಗುರುತುಗಳಿವೆ. ಅವುಗಳ ನಡುವಿನದು ವರ್ಡ್‌ಪ್ರೆಸ್ಸಿನ ಸ್ವತ್ತು. ಪರ್ಮಾಲಿಂಕ್ ಪುಟದಲ್ಲಿ ಸೇವ್ ಒತ್ತಿದರೆ ಸಾಕು, ನಡುವೆ ಯಾರು ಏನು ಬರೆದಿದ್ದರೂ ಅಳಿಸಿ ತನ್ನದನ್ನು ಬರೆಯುತ್ತದೆ. ನಿಮ್ಮ ರೀಡೈರೆಕ್ಟ್ ಸಾಲುಗಳು ನಡುವೆ ಇದ್ದರೆ ಈಗಲೇ ಎತ್ತಿ ‘ಬಿಗಿನ್’ಗಿಂತ ಮೇಲೆ ಹಾಕಿ. ಕೆಳಗೆ ಹಾಕಿದರೆ ಪ್ರಯೋಜನವಿಲ್ಲ. ವರ್ಡ್‌ಪ್ರೆಸ್ಸಿನ ನಿಯಮ ಮೊದಲು ಹಿಡಿದುಕೊಂಡು 404 ಕೊಡುತ್ತದೆ.

ಅದೇ ಫೈಲಿನಲ್ಲಿ ‘ಪಿಎಚ್‌ಪಿ_ವ್ಯಾಲ್ಯೂ’ ಎಂದು ಶುರುವಾಗುವ ಸಾಲು ಇದ್ದರೆ ತೆಗೆದುಬಿಡಿ. ಪಿಎಚ್‌ಪಿ ಎಫ್‌ಪಿಎಂ (ಪಿಎಚ್‌ಪಿಯನ್ನು ಪ್ರತ್ಯೇಕವಾಗಿ ಓಡಿಸುವ ವಿಧಾನ) ಇರುವ ಸರ್ವರ್‌ನಲ್ಲಿ ಆ ಸಾಲು 500 ಎರರ್ ತರುತ್ತದೆ.

ಇನ್ನೊಂದು: ಸಿಪ್ಯಾನೆಲ್‌ನ ಮಲ್ಟಿಪಿಎಚ್‌ಪಿ ಮ್ಯಾನೇಜರ್‌ನಲ್ಲಿ ಆವೃತ್ತಿ ಬದಲಿಸಿದಾಗ ಅದು ಈ ಫೈಲಿನ ಬಾಲಕ್ಕೆ ತನ್ನ ಹ್ಯಾಂಡ್ಲರ್ ಸಾಲು ಸೇರಿಸುತ್ತದೆ. ಏನೋ ಕೆಟ್ಟಿತೆಂದು ಹಳೆಯ ಬ್ಯಾಕಪ್ ‘.ಎಚ್‌ಟಿಆಕ್ಸೆಸ್’ ತಂದು ಮೇಲೆ ಹಾಕಿದರೆ ಸೈಟ್ ಮತ್ತೆ 7.4ಕ್ಕೆ ಹೋಗಬಹುದು, ಮ್ಯಾನೇಜರ್ ಪುಟ ನೋಡಿದವರು ತಲೆ ಕೆರೆದುಕೊಳ್ಳುತ್ತಾರೆ.

---

ಖಣದಂಗಡಿ_ಗುಳೇದಗುಡ್ಡ

ಎಲ್ಲರಿಗೂ ಧನ್ಯವಾದ. ಸಬ್‌ಡೊಮೇನ್‌ನಲ್ಲಿ ಒಂದು ಟೆಸ್ಟ್ ಪ್ರತಿ ಮಾಡಿ ನೋಡಿದೆ. ಕೋರ್ ಚೆಕ್‌ಸಮ್ ಶುದ್ಧ ಬಂತು. ಥೀಮ್ ಡಿಫ್‌ನಲ್ಲಿ ಫಂಕ್ಷನ್ಸ್ ಫೈಲಿನಲ್ಲಿ ಪಿನ್‌ಕೋಡ್ ನಿಯಮ ಸಿಕ್ಕಿತು, ಥೀಮಿನ ವೂಕಾಮರ್ಸ್ ಫೋಲ್ಡರ್‌ನಲ್ಲಿ ಕೋಷ್ಟಕ ಇರುವ ಟೆಂಪ್ಲೇಟ್ ಸಿಕ್ಕಿತು. ‘ಚೀಲಕ್ಕ ಹಾಕ್ರಿ’ ಮಾತ್ರ ಎಲ್ಲೂ ಇಲ್ಲ.

ಆದರೆ ಟೆಸ್ಟ್ ಪ್ರತಿಯಲ್ಲಿ ಕನ್ನಡವೇ ಬರುತ್ತಿಲ್ಲ. ಸೀರೆ ಹೆಸರು, ವಿವರಣೆ, ಎಲ್ಲ ಕಡೆ ಪ್ರಶ್ನಾರ್ಥಕ ಚಿಹ್ನೆಯ ಸಾಲು. ಅಸಲು ಸೈಟ್ ಸರಿಯಾಗಿದೆ. ಡಬ್ಲ್ಯೂಪಿ-ಕಾನ್ಫಿಗ್ ಅನ್ನು ಮಾದರಿ ಫೈಲಿನಿಂದ ಹೊಸದಾಗಿ ಬರೆದಿದ್ದೆ, ಬೇಡವೆನಿಸಿದ ಕೆಲವು ಸಾಲು ಖಾಲಿ ಬಿಟ್ಟಿದ್ದೆ.

---

ಟಿಳಕವಾಡಿ_ಟರ್ಮಿನಲ್

ಟೆಸ್ಟ್ ಪ್ರತಿಯಲ್ಲಿ ಯಾವ ಪುಟವನ್ನೂ ತೆರೆದು ಸೇವ್ ಮಾಡಬೇಡಿ, ಮೊದಲಿಗೆ ಇಷ್ಟು.

ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಡೇಟಾಬೇಸ್ ತೆರೆದು ನೋಡುವ ಪುಟ) ಆ ಪ್ರತಿಯ ಪೋಸ್ಟ್ಸ್ ಟೇಬಲ್ ತೆರೆಯಿರಿ. ಅದು ಡೇಟಾಬೇಸಿನ ಜೊತೆ ತನ್ನದೇ ಯುಟಿಎಫ್8 (ಕನ್ನಡ ಹಿಡಿಸುವ ಲಿಪಿ ಸಂಕೇತ) ಸಂಪರ್ಕದಲ್ಲಿ ಮಾತಾಡುತ್ತದೆ, ಹಾಗಾಗಿ ನಂಬಬಹುದಾದ ಸಾಕ್ಷಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಡೇಟಾ ಕ್ಷೇಮ, ತಪ್ಪು ಕಾನ್ಫಿಗ್‌ನದು. ನೀವು ಖಾಲಿ ಬಿಟ್ಟ ಸಾಲುಗಳಲ್ಲಿ ‘ಡಿಬಿ_ಚಾರ್‌ಸೆಟ್’ (ಡೇಟಾಬೇಸ್ ಜೊತೆ ಯಾವ ಲಿಪಿ ಸಂಕೇತ ಬಳಸಬೇಕೆಂದು ಹೇಳುವ ಸಾಲು) ಕೂಡ ಇರಬೇಕು. ಅದು ಖಾಲಿ ಇದ್ದರೆ ವರ್ಡ್‌ಪ್ರೆಸ್ ಏನೂ ಹೇಳುವುದಿಲ್ಲ, ಸರ್ವರ್ ತನ್ನ ಮೂಲ ಅಭ್ಯಾಸಕ್ಕೆ ಬೀಳುತ್ತದೆ. ಮಾರಿಯಾಡಿಬಿಯಲ್ಲಿ ಬಹುಕಾಲ ಅದು ಲ್ಯಾಟಿನ್1. ಲ್ಯಾಟಿನ್1ರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ್ದರಿಂದ ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಎಡಿಟರ್ ತೆರೆದು ಅಪ್‌ಡೇಟ್ ಒತ್ತಿದರೆ ಆ ಚಿಹ್ನೆಗಳೇ ಡೇಟಾಬೇಸಿಗೆ ಹೋಗಿ ಕೂರುತ್ತವೆ, ಆಮೇಲೆ ಮರಳಿ ಪಡೆಯಲು ದಾರಿ ಇಲ್ಲ.

ಅಸಲು ಸೈಟಿನ ಕಾನ್ಫಿಗ್‌ನಲ್ಲಿ ‘ಡಿಬಿ_ಚಾರ್‌ಸೆಟ್’ ಏನಿದೆಯೋ ಅದನ್ನೇ ಹಾಗೆಯೇ ಹಾಕಿ. ‘ಯುಟಿಎಫ್8ಎಂಬಿ4’ ಒಳ್ಳೆಯದು ಎಂದು ಎಲ್ಲೋ ಓದಿ ಬದಲಿಸಲು ಹೋಗಬೇಡಿ. ಹಳೆಯ ಸೈಟುಗಳಲ್ಲಿ ಟೇಬಲ್ ಲ್ಯಾಟಿನ್1 ಆಗಿದ್ದು ಒಳಗೆ ಕನ್ನಡದ ಬೈಟ್‌ಗಳು ತುಂಬಿರುವುದುಂಟು. ಅಲ್ಲಿ ಈ ಒಂದು ಸಾಲು ಬದಲಾದರೆ ಪ್ರಶ್ನಾರ್ಥಕ ಚಿಹ್ನೆ ಬರುವುದಿಲ್ಲ, ತಲೆಯ ಮೇಲೆ ಗೀಟಿರುವ ಸಣ್ಣ ‘ಎ’ ಅಕ್ಷರ ಎರಡು ಮೂರು ಚಿಹ್ನೆಗೊಮ್ಮೆ ಕಾಣುವ ಕಲಸುಮೇಲೋಗರ ಬರುತ್ತದೆ. ಯುಟಿಎಫ್8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್, ಮೊದಲ ಬೈಟ್ ಎಲ್ಲಕ್ಕೂ ಒಂದೇ. ಅದನ್ನು ಲ್ಯಾಟಿನ್1 ಎಂದು ಓದಿದರೆ ಆ ಗೀಟಿನ ‘ಎ’ ಆಗುತ್ತದೆ. ಕಲಸುಮೇಲೋಗರ ಕಂಡರೆ ಗಾಬರಿ ಬೇಡ, ಬೈಟ್‌ಗಳು ಉಳಿದಿವೆ, ಸಾಲು ಮೊದಲಿನಂತೆ ಮಾಡಿದರೆ ಕನ್ನಡ ಮರಳುತ್ತದೆ. ಪಿಎಚ್‌ಪಿಮೈಅಡ್ಮಿನ್‌ನಲ್ಲೂ ಪ್ರಶ್ನಾರ್ಥಕ ಚಿಹ್ನೆಯೇ ಕಂಡರೆ ಮಾತ್ರ ಆ ಪ್ರತಿ ಸತ್ತಂತೆ. ಟೆಸ್ಟ್ ಪ್ರತಿಯ ಡೇಟಾಬೇಸ್ ಮಾತ್ರ ಖಾಲಿ ಮಾಡಿ, ಅಸಲು ಸೈಟಿನಲ್ಲಿ ‘ಡಬ್ಲ್ಯೂಪಿ ಡಿಬಿ ಎಕ್ಸ್‌ಪೋರ್ಟ್’ ಕೊಟ್ಟು ಹೊಸದಾಗಿ ತೆಗೆದು, ಆ ಎಸ್‌ಕ್ಯೂಎಲ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಕನ್ನಡ ಓದಲು ಬರುತ್ತದೆಯೇ ನೋಡಿ, ಆಮೇಲೆ ತುಂಬಿಸಿ.

ಸಬ್‌ಡೊಮೇನ್ ವಿಳಾಸ ಬದಲಿಸಲು ಎಸ್‌ಕ್ಯೂಎಲ್ ಫೈಲಿನಲ್ಲೇ ಫೈಂಡ್-ರಿಪ್ಲೇಸ್ ಮಾಡಬೇಡಿ. ಸೆಟ್ಟಿಂಗ್‌ಗಳು ಸೀರಿಯಲೈಸ್ ಆಗಿ (ಒಂದೇ ಉದ್ದ ಪಠ್ಯವಾಗಿ) ಕೂತಿರುತ್ತವೆ, ಪ್ರತಿ ಪದದ ಹಿಂದೆ ಅದರ ಬೈಟ್ ಎಣಿಕೆ ಬರೆದಿರುತ್ತದೆ. ವಿಳಾಸ ನಾಲ್ಕು ಅಕ್ಷರ ಉದ್ದವಾದರೆ ಎಣಿಕೆ ತಪ್ಪಿ ಇಡೀ ಆಪ್ಷನ್ ಓದಲು ಬರುವುದಿಲ್ಲ, ವಿಜೆಟ್, ಥೀಮ್ ಸೆಟ್ಟಿಂಗ್ ಖಾಲಿ ಕಾಣುತ್ತವೆ. ‘ಡಬ್ಲ್ಯೂಪಿ ಸರ್ಚ್-ರಿಪ್ಲೇಸ್’ ಎಣಿಕೆಯನ್ನೂ ತಿದ್ದುತ್ತದೆ. ಮೊದಲು --ಡ್ರೈ-ರನ್ ಕೊಟ್ಟು ಎಷ್ಟು ಕಡೆ ಬದಲಾಗುತ್ತದೆ ನೋಡಿ.

‘ಚೀಲಕ್ಕ ಹಾಕ್ರಿ’ ಅನುವಾದ ಫೈಲಿನಲ್ಲಿದೆ. ಡಬ್ಲ್ಯೂಪಿ-ಕಂಟೆಂಟ್ ಒಳಗಿನ ಲ್ಯಾಂಗ್ವೇಜಸ್, ಅದರೊಳಗಿನ ಪ್ಲಗಿನ್ಸ್ ಫೋಲ್ಡರ್‌ನಲ್ಲಿ ವೂಕಾಮರ್ಸ್‌ನ ಕನ್ನಡ ‘.ಎಂಒ’ ಫೈಲ್ ಇರುತ್ತದೆ, ಹಿಂದಿನವರು ಅದನ್ನೇ ತಿದ್ದಿದ್ದಾರೆ. ಅನುವಾದ ಅಪ್‌ಡೇಟ್ ಬಂದರೆ ಅದು ಹೋಗುತ್ತದೆ. ಹೋಗದಿದ್ದರೂ ವರ್ಡ್‌ಪ್ರೆಸ್ 6.5ರಿಂದ ಈಚೆ ಪಕ್ಕದಲ್ಲಿ ‘.ಎಲ್10ಎನ್.ಪಿಎಚ್‌ಪಿ’ ಫೈಲ್ ಇದ್ದರೆ ಅದನ್ನೇ ಓದುತ್ತದೆ, ‘.ಎಂಒ’ ಕಡೆ ನೋಡುವುದಿಲ್ಲ. ತಿದ್ದಿದ ಫೈಲನ್ನು ಲ್ಯಾಂಗ್ವೇಜಸ್ ಒಳಗೆ ‘ವೂಕಾಮರ್ಸ್’ ಎಂಬ ಪ್ರತ್ಯೇಕ ಫೋಲ್ಡರ್ ಮಾಡಿ ಅಲ್ಲಿಡಿ. ವೂಕಾಮರ್ಸ್ ಅದನ್ನು ಮೊದಲು ಓದುತ್ತದೆ, ಅಪ್‌ಡೇಟ್ ಅಲ್ಲಿಗೆ ಬರುವುದಿಲ್ಲ. ಬದಲಾಗಬೇಕಾದದ್ದು ಈ ಒಂದು ಬಟನ್ ಮಾತ್ರವಾದರೆ ಫೈಲಿನ ಗೊಡವೆಯೇ ಬೇಡ, ಎಂಯು-ಪ್ಲಗಿನ್‌ನಲ್ಲಿ ‘ಗೆಟ್‌ಟೆಕ್ಸ್ಟ್’ ಫಿಲ್ಟರ್ ನಾಲ್ಕು ಸಾಲು.

ಕೋಷ್ಟಕದ ಟೆಂಪ್ಲೇಟ್ 5.6ರ ಕಾಲದ್ದು. ಚೈಲ್ಡ್‌ಗೆ ಹಾಕಿದ ಮೇಲೆ ವೂಕಾಮರ್ಸ್ ಸ್ಟೇಟಸ್ ಪುಟದ ಕೊನೆಯಲ್ಲಿ ಅದರ ಆವೃತ್ತಿ ಹಳೆಯದೆಂದು ಕೆಂಪಕ್ಷರದಲ್ಲಿ ಬರುತ್ತದೆ. ಹೊಸ ವೂಕಾಮರ್ಸ್‌ನ ಅದೇ ಟೆಂಪ್ಲೇಟ್ ತೆಗೆದುಕೊಂಡು ನಿಮ್ಮ ಕೋಷ್ಟಕದ ಸಾಲುಗಳನ್ನು ಅದರೊಳಗೆ ಕೂರಿಸಿ. ಫೈಲಿನ ತಲೆಯಲ್ಲಿರುವ ಆವೃತ್ತಿ ಸಂಖ್ಯೆಯನ್ನಷ್ಟೇ ತಿದ್ದಿ ಕೆಂಪಕ್ಷರ ಓಡಿಸುವವರಿದ್ದಾರೆ. ಅದು ಜ್ವರ ಇಳಿಸಲು ಥರ್ಮಾಮೀಟರ್ ಒಡೆದಂತೆ.

---

ಬಸವನಾಡು_ಅಡ್ಮಿನ್

ಟೆಸ್ಟ್ ಪ್ರತಿ ಅಂದ್ರಿ, ಅದರಾಗ ಪೇಮೆಂಟ್ ಕೀ ಅಸಲೀವು ಅದಾವೇನು ನೋಡ್ರಿ. ಡೇಟಾಬೇಸ್ ನಕಲು ಅಂದ್ರ ಕೀನೂ ನಕಲು, ಮೇಲ್ ಸೆಟ್ಟಿಂಗೂ ನಕಲು. ಗಿರಾಕಿಗಳಿಗೆ ಹಳೇ ಆರ್ಡರ್ ಮೇಲ್ ಮತ್ತೊಮ್ಮೆ ಹೋದ್ರ ಫೋನ್ ಎತ್ತಿ ಸಾಕಾಗ್ತೈತಿ. ಪೇಮೆಂಟ್ ಟೆಸ್ಟ್ ಮೋಡಿಗೆ ಹಾಕ್ರಿ, ಮೇಲ್ ಹೊರಗ ಹೋಗದಂಗ ಮಾಡ್ರಿ, ಕಾನ್ಫಿಗ್‌ನ್ಯಾಗ ‘ಡಬ್ಲ್ಯೂಪಿ_ಎನ್ವಿರಾನ್‌ಮೆಂಟ್_ಟೈಪ್’ ಸ್ಟೇಜಿಂಗ್ ಅಂತ ಕೊಡ್ರಿ, ಸರ್ಚ್ ಇಂಜಿನ್‌ಗೆ ತಡೆ ಹಾಕ್ರಿ. ಕಾನ್ಫಿಗ್‌ನ್ಯಾಗ ಹಾಕೂ ಸಾಲು ‘ಸ್ಟಾಪ್ ಎಡಿಟಿಂಗ್’ ಅನ್ನೂ ಗೆರಿಗಿಂತ ಮ್ಯಾಲ. ಕೆಳಗ ಬರದ್ರ ಅಷ್ಟೊತ್ತಿಗೆ ವರ್ಡ್‌ಪ್ರೆಸ್ ಎದ್ದು ಕುಂತಿರ್ತೈತಿ, ಕೇಳೂದಿಲ್ಲ.

ಆ ಪಿನ್‌ಕೋಡ್ ಕೋಡ್ ಒಂದ್ಸಲ ತಗದು ನೋಡ್ರಿ. ಪಿನ್ ಖಾಲಿ ಐತೇನು ಅಂತ ತಿಳಕೊಳ್ಳಾಕ ‘ಪಿನ್ == 0’ ಅಂತ ಬರದಿದ್ರ ಪಿಎಚ್‌ಪಿ 8ರಾಗ ಉಲ್ಟಾ ಆಗ್ತೈತಿ. 7.4ರಾಗ ಖಾಲಿ ಪದ, ಸೊನ್ನಿ ಎರಡೂ ಒಂದ ಅಂತಿತ್ತು. 8ರಿಂದ ಬ್ಯಾರೆ ಬ್ಯಾರೆ. ಎರರ್ ಬರೂದಿಲ್ಲ, ಲಾಗಿನ್ಯಾಗ ಸಾಲಿಲ್ಲ, ಗಿರಾಕಿ ಪಿನ್ ಹಾಕೂ ಮೊದಲಿನ ನಡವಳಿಕಿ ಮಾತ್ರ ಬದಲಾಗಿರ್ತೈತಿ. ‘ಎಂಪ್ಟಿ’ ಫಂಕ್ಷನ್ ಹಾಕಿ ಬರೀರಿ. ಪರೀಕ್ಷಾಕ ಮೂರು ಪಿನ್: ಒಂದು 587ರದು, ಒಂದು ಬೆಂಗಳೂರಿನ 560ರದು, ಒಂದು ಖಾಲಿ.

ಅಸಲು ಸೈಟ್ ಮಾಡೂ ದಿನ ಡೇಟಾಬೇಸ್ ಬ್ಯಾಕಪ್ ಆದ ಮ್ಯಾಲ ಆರ್ಡರ್ ಬರದಂಗ ನೋಡ್ರಿ. ನಡುವ ಎರಡು ಆರ್ಡರ್ ಬಂದು, ಆಮ್ಯಾಲ ನೀವು ಬ್ಯಾಕಪ್ ತುಂಬಿದ್ರ ಆ ಎರಡೂ ಹೋದ್ವು, ರೊಕ್ಕ ಮಾತ್ರ ಬಂದಿರ್ತೈತಿ. ಟೆಸ್ಟ್ ಪ್ರತಿ ಸರಿಯಾತು ಅಂತ ಅದರ ಡೇಟಾಬೇಸ್ ಎತ್ತಿ ಅಸಲಿಗೆ ಹಾಕೂದೂ ಇದ ತಪ್ಪು. ಫೈಲ್ ಒಯ್ಯಬಹುದು, ಸೆಟ್ಟಿಂಗ್ ಅಲ್ಲೇ ಮತ್ತ ಮಾಡಬೇಕು.

---

ನವನಗರ_ಸೆಕ್ಟರ್

ಅಪ್‌ಡೇಟ್ ನಡುವೆ ನೆಟ್ ಕಡಿದು ‘ನಿರ್ವಹಣೆ ನಡೆದಿದೆ’ ಎನ್ನುವ ಪುಟದಲ್ಲೇ ಸೈಟ್ ನಿಂತರೆ ಮೂಲ ಫೋಲ್ಡರ್‌ನಲ್ಲಿ ‘.ಮೇಂಟೆನೆನ್ಸ್’ ಎಂಬ ಅಡಗಿದ ಫೈಲ್ ಅಳಿಸಿ, ಅಪ್‌ಡೇಟ್ ಮತ್ತೆ ಒತ್ತಿ. ಹತ್ತು ನಿಮಿಷ ಬಿಟ್ಟರೆ ವರ್ಡ್‌ಪ್ರೆಸ್ ತಾನೇ ಆ ಫೈಲನ್ನು ಲೆಕ್ಕಕ್ಕಿಡುವುದಿಲ್ಲ, ಆದರೆ ಅರ್ಧ ಆದ ಅಪ್‌ಡೇಟ್ ಅರ್ಧವೇ ಇರುತ್ತದೆ.

ವರ್ಡ್‌ಪ್ರೆಸ್ ಇನ್‌ಸ್ಟಾಲ್ ಪುಟ ಬಂದು ಸೈಟ್ ಹೆಸರು ಕೇಳಿದರೆ ಏನೂ ತುಂಬಬೇಡಿ. ಹೆಚ್ಚಾಗಿ ಕಾನ್ಫಿಗ್‌ನಲ್ಲಿ ಟೇಬಲ್ ಪ್ರಿಫಿಕ್ಸ್ (ಟೇಬಲ್ ಹೆಸರುಗಳ ಶುರುವಿನ ಗುರುತು) ತಪ್ಪಿದೆ ಎಂದರ್ಥ.

---

ಖಣದಂಗಡಿ_ಗುಳೇದಗುಡ್ಡ

ಚಾರ್‌ಸೆಟ್ ಸಾಲು ಹಾಕಿದ ಮೇಲೆ ಕನ್ನಡ ಬಂತು. ಪಿನ್ ನಿಯಮ ಎಂಯು-ಪ್ಲಗಿನ್ಸ್‌ಗೆ ಹೋಯಿತು, ಅದರಲ್ಲಿ ‘== 0’ ಇತ್ತು, ತಿದ್ದಿದೆ. ಥೀಮ್_ಮಾಡ್ಸ್ ನಕಲು ಮಾಡಿದ ಮೇಲೆ ಲೋಗೋ, ಬಣ್ಣ ಸರಿ. ಟೆಸ್ಟ್ ಪ್ರತಿಯಲ್ಲಿ 8.1ರವರೆಗೆ ಬಂದಾಯಿತು.

ಒಂದು ಉಳಿದಿದೆ. ‘ವೂಕಾಮರ್ಸ್ ಡೇಟಾಬೇಸ್ ಅಪ್‌ಡೇಟ್ ಹಿನ್ನೆಲೆಯಲ್ಲಿ ನಡೆಯುತ್ತಿದೆ’ ಎಂಬ ಪಟ್ಟಿ ನಿನ್ನೆಯಿಂದ ಹಾಗೇ ಇದೆ. ಕಾನ್ಫಿಗ್‌ನಲ್ಲಿ ‘ಡಿಸೇಬಲ್_ಡಬ್ಲ್ಯೂಪಿ_ಕ್ರಾನ್’ ಟ್ರೂ ಅಂತ ಅಸಲು ಸೈಟಿನಿಂದ ತಂದಿದ್ದೆ.

---

ಟಿಳಕವಾಡಿ_ಟರ್ಮಿನಲ್

ಕಾರಣ ಅದೇ ಇರಬೇಕು. ವೂಕಾಮರ್ಸ್ ಆ ಕೆಲಸವನ್ನು ತುಂಡು ತುಂಡಾಗಿ ಆಕ್ಷನ್ ಶೆಡ್ಯೂಲರ್‌ಗೆ (ಹಿನ್ನೆಲೆ ಕೆಲಸಗಳ ಸರದಿ) ಒಪ್ಪಿಸುತ್ತದೆ, ಶೆಡ್ಯೂಲರ್ ಹೆಚ್ಚಾಗಿ ವರ್ಡ್‌ಪ್ರೆಸ್ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಮೇಲೆ ಕೂತಿದೆ. ಆ ಸಾಲು ಕ್ರಾನ್ ಬಂದ್ ಮಾಡಿದೆ, ಅದರ ಬದಲಿಗೆ ಓಡಬೇಕಾದ ಸರ್ವರ್ ಕ್ರಾನ್ ಜಾಬ್ ಅಸಲು ಸೈಟಿಗೆ ಮಾತ್ರ ಇದೆ. ಟೆಸ್ಟ್ ಪ್ರತಿಯಲ್ಲಿ ಆ ಸಾಲನ್ನು ತಾತ್ಕಾಲಿಕವಾಗಿ ತೆಗೆದು ಅಡ್ಮಿನ್ ಪುಟ ಎರಡು ಸಲ ರಿಫ್ರೆಶ್ ಮಾಡಿ, ಇಲ್ಲವೇ ‘ಡಬ್ಲ್ಯೂಪಿ ಆಕ್ಷನ್-ಶೆಡ್ಯೂಲರ್ ರನ್’ ಕೊಡಿ. ವೂಕಾಮರ್ಸ್ ಸ್ಟೇಟಸ್‌ನ ಶೆಡ್ಯೂಲ್ಡ್ ಆಕ್ಷನ್ಸ್ ಟ್ಯಾಬಿನಲ್ಲಿ ಪೆಂಡಿಂಗ್ ಸಂಖ್ಯೆ ಇಳಿಯಬೇಕು.

ಅಸಲು ಸೈಟ್ ಮಾಡುವ ಮೊದಲು ಸಿಪ್ಯಾನೆಲ್‌ನ ಕ್ರಾನ್ ಜಾಬ್ಸ್ ಪುಟ ತೆರೆದು ಆ ಸಾಲು ಓದಿ. ಅದರಲ್ಲಿ ಪಿಎಚ್‌ಪಿಯ ದಾರಿ ‘ಇಎ-ಪಿಎಚ್‌ಪಿ74’ ಎಂದು ಗಟ್ಟಿಯಾಗಿ ಬರೆದಿದ್ದರೆ, ಸೈಟ್ 8.1ಕ್ಕೆ ಹೋದರೂ ಕ್ರಾನ್ ಮಾತ್ರ 7.4ರಲ್ಲೇ ಓಡುತ್ತಿರುತ್ತದೆ. ಹೋಸ್ಟಿಂಗ್‌ನವರು 7.4 ತೆಗೆದ ದಿನ ಅದೂ ನಿಲ್ಲುತ್ತದೆ, ಹಿನ್ನೆಲೆಯ ಕೆಲಸ ತಡವಾದಾಗಲೇ ನಿಮಗೆ ಗೊತ್ತಾಗುವುದು. 74 ಇರುವಲ್ಲಿ 81 ಮಾಡಿ ಉಳಿಸಿ, ಐದು ನಿಮಿಷ ಬಿಟ್ಟು ಶೆಡ್ಯೂಲ್ಡ್ ಆಕ್ಷನ್ಸ್‌ನಲ್ಲಿ ‘ಕಂಪ್ಲೀಟ್’ ಸಾಲಿನ ಕೊನೆಯ ಸಮಯ ನೋಡಿ.